ಮನೆವಾರ್ತೆ: ಮೇಣದ ಬತ್ತಿಯ ಉರಿ, ಸ್ಟ್ಯಾಂಡಿನ ಮೇಣ

ಮಲೆನಾಡಿನ ಕರೆಂಟಿಲ್ಲದ ರಾತ್ರಿಗಳು ಮುಗಿದು ದೀಪಾವಳಿ, ಕ್ರಿಸ್‌ಮಸ್ ಹತ್ತಿರವಾಗುವ ಹೊತ್ತಿಗೆ ಮೇಣದ ಬತ್ತಿಯ ಕುರಿತ ಪತ್ರಗಳು ಈ ಅಂಕಣಕ್ಕೆ ಬರತೊಡಗುತ್ತವೆ. ಹೆಚ್ಚಿನವರು ಕೇಳುವುದು ಸ್ಟ್ಯಾಂಡಿಗೆ ಅಂಟಿದ ಮೇಣವನ್ನು ತೆಗೆಯುವುದು ಹೇಗೆ ಎಂದು. ಆದರೆ ಮೇಣ ಅಲ್ಲಿಗೆ ಇಳಿಯುವುದು ಬತ್ತಿ ಸರಿಯಾಗಿ ಉರಿಯದಿರುವುದರಿಂದ. ಆ ಕಾರಣಕ್ಕೆ ಉರಿಯ ಬಗೆಗಿನ ಪ್ರಶ್ನೆಯನ್ನೇ ಈ ಸಲ ಮೊದಲು ಎತ್ತಿಕೊಂಡಿದ್ದೇವೆ. ಗೊಂದಲವಾಗದಿರಲೆಂದು ಬತ್ತಿಯ ನಡುವೆ ಇರುವ ಎಳೆಯನ್ನು ಇಲ್ಲಿ 'ನೂಲು' ಎಂದೇ ಕರೆದಿದ್ದೇವೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಸಂಜೆಯ ಹೊತ್ತು ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗುವುದಿಲ್ಲ. ಮೇಣದ ಬತ್ತಿ ಹಚ್ಚಿದರೆ ಒಂದೇ ಮಗ್ಗುಲಿಗೆ ಮೇಣ ಸುರಿದು, ಬತ್ತಿ ಬೇಗನೆ ಮುಗಿದುಹೋಗುತ್ತದೆ. ಕಿಟಕಿಯ ಕಡಪಾ ಕಲ್ಲಿನ ಮೇಲೆಲ್ಲ ಮೇಣ. ಬತ್ತಿಯೇ ಕಳಪೆಯೇ?
— ಗೃಹಿಣಿ, ಸಾಗರ

ಉತ್ತರ: ಅಂಗಡಿಯವರನ್ನು ದೂರುವ ಮೊದಲು ಬತ್ತಿ ಇಟ್ಟ ಜಾಗವನ್ನು ನೋಡಬೇಕು, ಅದನ್ನು ನೀವೇ ಬರೆದಿದ್ದೀರಿ, ಕಿಟಕಿ. ಗಾಳಿಯಾಡದ ಕಡೆ ನೆಟ್ಟಗೆ ಉರಿಯುವ ಬತ್ತಿಯ ತಲೆಯನ್ನು ಗಮನಿಸಿದರೆ ನೂಲಿನ ಸುತ್ತ ಕರಗಿದ ಮೇಣ ಪುಟ್ಟ ಬಟ್ಟಲಿನಲ್ಲಿ ನಿಂತಂತೆ ಕಾಣುತ್ತದೆ. ಜ್ವಾಲೆಯ ಬಿಸಿಗೆ ಗಾಳಿ ಮೇಲೇರಿದಂತೆಲ್ಲ ಕೆಳಗಿನ ತಂಪು ಗಾಳಿ ಬತ್ತಿಯ ಮೈಯನ್ನು ಸವರಿಕೊಂಡು ಬರುವುದರಿಂದ, ನಡುವಿನ ಮೇಣ ಕರಗಿದರೂ ಅಂಚು ಮಾತ್ರ ಗಟ್ಟಿಯಾಗಿ ಉಳಿದು ಆ ಬಟ್ಟಲನ್ನು ಕಾಯುತ್ತದೆ. 1860–61ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಮೇಣದ ಬತ್ತಿಯೊಂದನ್ನೇ ವಸ್ತುವಾಗಿಟ್ಟುಕೊಂಡು ಆರು ಉಪನ್ಯಾಸಗಳನ್ನು ಕೊಟ್ಟ ವಿಜ್ಞಾನಿ ಮೈಕೆಲ್ ಫ್ಯಾರಡೆ ಮೊದಲ ದಿನವೇ ಈ ಬಟ್ಟಲನ್ನು ವಿವರಿಸಿದ್ದರು. ಮೈಯೆಲ್ಲ ಗೀರು ಗೀರಾಗಿ ಎರಕ ಹೊಯ್ದ ಅಲಂಕಾರದ ಬತ್ತಿಗಳು ನೋಡಲು ಚೆಂದ, ಉರಿಯಲು ಕೆಟ್ಟವು ಎಂದೂ ಅಲ್ಲಿಯೇ ಹೇಳಿದ್ದರು. ಏಕೆಂದರೆ ಗೀರುಗಳಿರುವಲ್ಲಿ ಅಂಚು ಸಮನಾಗಿ ನಿಲ್ಲುವುದಿಲ್ಲ.

ಕಿಟಕಿಯ ಗಾಳಿಗೆ ಜ್ವಾಲೆ ಒಂದು ಕಡೆಗೆ ಬಾಗಿದಾಗ ಆ ಕಡೆಯ ಅಂಚು ಕರಗಿ ಬಟ್ಟಲು ಒಡೆಯುತ್ತದೆ, ಒಳಗಿದ್ದ ಮೇಣ ಹೊರಗೆ ಸುರಿಯುತ್ತದೆ. ಬೆಳಕಾಗಿ ಉರಿಯಬೇಕಾದ ಮೇಣವೇ ಹೀಗೆ ಕಲ್ಲಿನ ಮೇಲೆ ಹರಿದುಹೋಗುವುದರಿಂದ ಬತ್ತಿ ಬೇಗ ಮುಗಿಯುತ್ತದೆ. ಬತ್ತಿಯನ್ನು ಕೋಣೆಯ ಒಳಮೂಲೆಗೆ ಸರಿಸಿ, ಕದ ತೆರೆದು ಮುಚ್ಚುವ ಕಡೆಯಿಂದ ದೂರವಿಟ್ಟು, ಓರೆಯಾಗದಂತೆ ನಿಲ್ಲಿಸಿದರೆ ನಿಮ್ಮ ಅರ್ಧ ತೊಂದರೆ ಕಳೆಯುತ್ತದೆ. ಮಗುಚಿದ ಸ್ಟೀಲ್ ಲೋಟದ ಮೇಲೆ ನಾಲ್ಕು ಹನಿ ಮೇಣ ಬೀಳಿಸಿ ಬತ್ತಿ ಅಂಟಿಸುವುದು ಎಲ್ಲರ ರೂಢಿ. ಆದರೆ ಲೋಟ ಬಿಸಿಯಾದಂತೆ ಆ ಅಂಟು ಸಡಿಲಗೊಂಡು ಬತ್ತಿ ವಾಲುತ್ತದೆ. ಅದಕ್ಕಿಂತ ಅಗಲವಾದ ಸ್ಟೀಲ್ ಬಟ್ಟಲಿಗೆ ಒಣ ಮರಳು ತುಂಬಿ ಅದರಲ್ಲಿ ಬತ್ತಿಯನ್ನು ಹುಗಿದು ನಿಲ್ಲಿಸುವುದು ಲೇಸು: ಬತ್ತಿ ಅಲುಗದು, ಸುರಿದ ಮೇಣ ಮರಳಿನಲ್ಲೇ ಗಟ್ಟಿಯಾಗಿ ಉಂಡೆಯಾಗಿ ಕೈಗೆ ಬರುತ್ತದೆ.

ನೂಲಿನ ವಿಷಯವೂ ಇದೆ. ಹೆಣೆದ ನೂಲಿನ ಒಳ್ಳೆಯ ಬತ್ತಿಗಳಲ್ಲಿ ನೂಲು ಉರಿಯುತ್ತಾ ಬಾಗಿ, ತುದಿ ಜ್ವಾಲೆಯ ಹೊರಗೆ ಚಾಚಿ ತಾನೇ ಸುಟ್ಟುಹೋಗುತ್ತದೆ. ಬರಿದೇ ಹುರಿ ಮಾಡಿದ ನೂಲಿನ ಅಗ್ಗದ ಬತ್ತಿಗಳಲ್ಲಿ ಅದು ನೆಟ್ಟಗೆ ನಿಂತು, ಕರಕಲು ಬೆಳೆದು, ಜ್ವಾಲೆ ಉದ್ದವಾಗಿ ಹೊಗೆಯಾಡುತ್ತದೆ. ಅಂತಹ ಬತ್ತಿಯನ್ನು ಆರಿಸಿ, ತಣಿದ ಮೇಲೆ ಕತ್ತರಿಯಿಂದ ನೂಲನ್ನು ಸುಮಾರು 6 ಮಿಲಿಮೀಟರಿಗೆ ಕತ್ತರಿಸಿ ಮತ್ತೆ ಹಚ್ಚಬೇಕು.

ಪ್ರಶ್ನೆ: ಅಜ್ಜನ ಕಾಲದ ಒಂದು ಜೊತೆ ಬೆಳ್ಳಿಯ ಕ್ಯಾಂಡಲ್ ಸ್ಟ್ಯಾಂಡುಗಳೂ ಕೆಲವು ಹಿತ್ತಾಳೆಯವೂ ನಮ್ಮ ಮನೆಯಲ್ಲಿವೆ. ಬಾಯಿಯ ಒಳಗೆಲ್ಲ ಹಳೆಯ ಮೇಣ ಕಟ್ಟಿಕೊಂಡಿದೆ. ಚಾಕುವಿನಿಂದ ಕೆರೆದರೆ ಗೀರು ಬೀಳುತ್ತದೆ. ಕುದಿಯುವ ನೀರಿನಲ್ಲಿ ಹಾಕಬಹುದೇ?
— ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ಬೆಳ್ಳಿಯವನ್ನು ದಯವಿಟ್ಟು ಹಾಕಬೇಡಿ. ಹಳೆಯ ಬೆಳ್ಳಿಯ ಸ್ಟ್ಯಾಂಡುಗಳಲ್ಲಿ ಅನೇಕವು ಪೂರ್ತಿ ಬೆಳ್ಳಿಯಲ್ಲ. ತೆಳುವಾದ ಬೆಳ್ಳಿಯ ಹೊರಮೈಯೊಳಗೆ, ಉರುಳಿ ಬೀಳದಿರಲೆಂದು ರಾಳ, ಗಾರೆ ಅಥವಾ ಪ್ಲಾಸ್ಟರನ್ನು ತುಂಬಿ ತೂಕ ಕೊಟ್ಟಿರುತ್ತಾರೆ. ಬುಡದಲ್ಲಿ ಬನಾತು ಅಂಟಿಸಿದ್ದರೆ, ಹಿಡಿದಾಗ ಕಾಣುವ ಗಾತ್ರಕ್ಕಿಂತ ಭಾರವಾಗಿದ್ದರೆ, ಅದು ಇಂತಹುದೇ ಎಂದು ತಿಳಿಯಬಹುದು. ಕುದಿಯುವ ನೀರಿನಲ್ಲಿ ಒಳಗಿನ ರಾಳ ಕರಗುತ್ತದೆ, ನೀರು ಒಳಸೇರಿದರೆ ಹೊರಬರುವುದಿಲ್ಲ. ಫ್ರೀಜರಿನಲ್ಲಿಟ್ಟರೂ ಒಳಗಿನದೂ ಹೊರಗಿನದೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಬಿರುಕು ಬಿಡುವ ಭಯವಿದೆ. ಇವಕ್ಕೆ ಹೇರ್ ಡ್ರೈಯರಿನ ಹದವಾದ ಬಿಸಿಗಾಳಿಯೇ ಸರಿ. ಬಾಯಿಯ ಬಳಿ ತುಸು ದೂರದಿಂದ ಹಿಡಿದು, ಮೇಣ ಮೆತ್ತಗಾದೊಡನೆ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒಂದೇ ಸಲಕ್ಕೆ ಎಲ್ಲವೂ ಬರಲೆಂದು ಬಿಸಿ ಹೆಚ್ಚಿಸಬಾರದು. ಸಂದುಗಳಿಗೆ ಬಿದಿರಿನ ಕಡ್ಡಿ ಸಾಕು. ಮೇಣವೆಲ್ಲ ಹೋದ ಬಳಿಕ, ನಮ್ಮ ಮನೆಗಳಲ್ಲಿ ಬೆಳ್ಳಿಗೆ ಬಳಸುತ್ತ ಬಂದಿರುವ ವಿಭೂತಿಯನ್ನು ನುಣ್ಣಗೆ ಜರಡಿ ಹಿಡಿದು ಒಣ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ಬೆಳ್ಳಿಯ ಲೇಪ ಮಾತ್ರ ಇರುವ ವಸ್ತುವನ್ನು ಪದೇಪದೇ ಉಜ್ಜಿದರೆ ಲೇಪವೇ ಸವೆದು ಒಳಗಿನ ಲೋಹ ಕಾಣುತ್ತದೆಂಬುದೂ ನೆನಪಿರಲಿ.

ಗಟ್ಟಿ ಹಿತ್ತಾಳೆಗೆ ಇಷ್ಟು ನಾಜೂಕು ಬೇಡ. ಪೇಟೆಯಲ್ಲಿ ಸಿಗುವ ಸಾಮಾನ್ಯ ಮೇಣದ ಬತ್ತಿ 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುವುದರಿಂದ, ಕುದಿಯುವ ನೀರಿನ ಅಗತ್ಯವೇ ಇಲ್ಲ. ಕೈ ಅದ್ದಲಾಗದಷ್ಟು ಬಿಸಿಯಾದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಸ್ಟ್ಯಾಂಡನ್ನು ಬಾಯಿ ಮೇಲಾಗಿರುವಂತೆ ಪೂರ್ತಿ ಮುಳುಗಿಸಿಟ್ಟರೆ ಮೇಣ ಕರಗಿ ಮೇಲೆ ತೇಲುತ್ತದೆ. ಅದು ತಣಿದು ತೆಳುವಾದ ಹಾಳೆಯಾಗುವವರೆಗೆ ಕಾದು, ಹಾಳೆಯನ್ನು ಎತ್ತಿಹಾಕಿದ ಮೇಲೆಯೇ ಸ್ಟ್ಯಾಂಡನ್ನು ಹೊರತೆಗೆಯಬೇಕು. ಇಲ್ಲದಿದ್ದರೆ ತೇಲುವ ಮೇಣ ಮೈಗೆಲ್ಲ ಮತ್ತೆ ಮೆತ್ತಿಕೊಳ್ಳುತ್ತದೆ. ಇನ್ನೊಂದು ದಾರಿ, ಗಂಟೆ ಹೊತ್ತು ಫ್ರೀಜರಿನಲ್ಲಿಡುವುದು. ಚಳಿಗೆ ಮೇಣ ಲೋಹಕ್ಕಿಂತ ಹೆಚ್ಚು ಕುಗ್ಗಿ ಪೆಡಸಾಗುವುದರಿಂದ ಮರದ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೂ ಚಕ್ಕೆ ಚಕ್ಕೆಯಾಗಿ ಬಿಡುತ್ತದೆ. ಬಿಸಿಯೋ ಚಳಿಯೋ, ಯಾವುದಾದರೂ ಒಂದು. ಎರಡೂ ಇಲ್ಲದ ಸಾಮಾನ್ಯ ಶಾಖದಲ್ಲಿ ಮೇಣ ಲೋಹವನ್ನು ಬಿಗಿಯಾಗಿ ಹಿಡಿದಿರುತ್ತದೆ, ನಿಮ್ಮ ಚಾಕು ಗೀರು ಮೂಡಿಸಿದ್ದು ಅದಕ್ಕೇ.

ಆಮೇಲೆ ಹುಣಸೆ ಹಣ್ಣು, ನಿಂಬೆ ಹೋಳು, ಪೀತಾಂಬರಿ ಪುಡಿ, ನಿಮಗೆ ಒಗ್ಗಿದ್ದನ್ನು ಬಳಸಿ. ಆದರೆ ಹುಳಿಯನ್ನು ಹಚ್ಚಿ ಮರೆತುಬಿಟ್ಟರೆ ಹಿತ್ತಾಳೆ ಕೆಂಬಣ್ಣಕ್ಕೆ ತಿರುಗುತ್ತದೆ. ಕೂಡಲೇ ತೊಳೆದು, ನೀರಿನ ಹನಿ ಉಳಿಯದಂತೆ ಒರೆಸಬೇಕು. ಹೊಸದಾಗಿ ಕೊಂಡ ಹಿತ್ತಾಳೆಯ ಸ್ಟ್ಯಾಂಡು ವರ್ಷಗಟ್ಟಲೆ ಮಂಕಾಗದೆ ಹೊಳೆಯುತ್ತಿದ್ದರೆ ಅದಕ್ಕೆ ಪಾರದರ್ಶಕ ಲ್ಯಾಕರ್ ಬಳಿದಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಹುಣಸೆಯೂ ಬೇಡ, ಬಿಸಿನೀರೂ ಬೇಡ. ಲ್ಯಾಕರ್ ಅಲ್ಲಲ್ಲಿ ಎದ್ದು ತೇಪೆ ಹಾಕಿದಂತಾದರೆ ಮೊದಲಿನ ರೂಪಕ್ಕೆ ತರುವುದು ಕಷ್ಟ. ಮುಂದಿನ ಸಲ ಬತ್ತಿ ಇಡುವ ಮೊದಲು ಸ್ಟ್ಯಾಂಡಿನ ಬಾಯಿಗೆ ಕೊಬ್ಬರಿ ಎಣ್ಣೆಯನ್ನು ಬಹಳ ತೆಳುವಾಗಿ ಸವರಿ ಒರೆಸಿದ್ದರೆ ಮೇಣ ಸುಲಭವಾಗಿ ಕಳಚುತ್ತದೆ.

ಪ್ರಶ್ನೆ: ಬಿಸಿನೀರಿನಲ್ಲಿ ಕರಗಿಸಿದ ಮೇಣವನ್ನು ಸಿಂಕಿನಲ್ಲಿ ಚೆಲ್ಲಬಹುದೇ?
— ದಾವಣಗೆರೆ

ಉತ್ತರ: ಖಂಡಿತ ಬೇಡ. ಪೈಪಿನ ಬಾಗಿನಲ್ಲಿ ತಣಿದು ಗಟ್ಟಿಯಾದ ಮೇಣವನ್ನು ಪ್ಲಂಬರನೇ ಬಂದು ತೆಗೆಯಬೇಕಾಗುತ್ತದೆ. ನೀರು ಪೂರ್ತಿ ತಣಿದ ಮೇಲೆ ಮೇಣವನ್ನು ಎತ್ತಿ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಬಚ್ಚಲಿನ ಮೋರಿಗೂ ಇದೇ ಮಾತು.

ಪ್ರಶ್ನೆ: ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ, ಗಾಜಿನ ಜಾಡಿಯಲ್ಲಿರುವ ಸುವಾಸನೆಯ ಮೇಣದ ಬತ್ತಿ ನಡುವೆ ಬಾವಿ ತೋಡಿದಂತೆ ಉರಿದು ಆರಿಹೋಗುತ್ತದೆ. ಗಾಜಿನ ಒಳಮೈಯೂ ಕಪ್ಪಾಗಿದೆ. ಹೊಗೆ ಬಾರದ ಸೋಯಾ ಮೇಣದ್ದನ್ನು ಕೊಳ್ಳಿರೆಂದು ಅಂಗಡಿಯಲ್ಲಿ ಹೇಳುತ್ತಾರೆ.
— ಐ.ಟಿ. ಉದ್ಯೋಗಿ, ಬೆಂಗಳೂರು

ಉತ್ತರ: ಬಹುಶಃ ನೀವು ಅದನ್ನು ಹಚ್ಚಿ ಸ್ವಲ್ಪ ಹೊತ್ತಿಗೇ ಆರಿಸುತ್ತಿದ್ದೀರಿ. ಜಾಡಿಯ ಬತ್ತಿಯನ್ನು ಮೊದಲ ಸಲ ಹಚ್ಚಿದಾಗ ಕರಗಿದ ಮೇಣ ಗಾಜಿನ ಅಂಚಿನವರೆಗೆ ಹರಡುವಷ್ಟು ಹೊತ್ತು ಉರಿಯಲು ಬಿಡಬೇಕು. ಜಾಡಿಯ ಅಗಲ ಒಂದು ಅಂಗುಲಕ್ಕೆ ಸುಮಾರು ಒಂದು ಗಂಟೆಯ ಲೆಕ್ಕ ಹಿಡಿಯುವುದು ವಾಡಿಕೆ. ಹಾಗೆ ಮಾಡದಿದ್ದರೆ ಮುಂದಿನ ಸಲವೂ ಮೇಣ ಹಿಂದಿನ ವೃತ್ತದೊಳಗೇ ಕರಗುತ್ತಾ ಹೊಂಡ ಆಳವಾಗುತ್ತದೆ. ಈಗ ಆಗಿರುವುದನ್ನು ಸರಿಪಡಿಸಲು ಜಾಡಿಯ ಬಾಯಿಗೆ ಅಲ್ಯೂಮಿನಿಯಂ ಫಾಯಿಲನ್ನು ಸುತ್ತಿ, ನಡುವೆ ಜ್ವಾಲೆಗೆ ಗಾಳಿಯಾಡುವಷ್ಟು ಅಗಲವಾದ ಕಂಡಿ ಬಿಟ್ಟು, ಎದುರಿನಲ್ಲೇ ಕುಳಿತು ಸ್ವಲ್ಪ ಹೊತ್ತು ಉರಿಸಿದರೆ ಒಳಗೆ ನಿಂತ ಬಿಸಿಗೆ ಅಂಚಿನ ಮೇಣವೂ ಕರಗುತ್ತದೆ. ಫಾಯಿಲ್ ಸುಡುವಷ್ಟು ಬಿಸಿಯಾಗಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಗಾಜು ಕಪ್ಪಾಗುವುದಕ್ಕೆ ಮೇಣದ ಜಾತಿಗಿಂತ ಉದ್ದ ನೂಲೂ ಸೀಲಿಂಗ್ ಫ್ಯಾನೂ ಹೆಚ್ಚಿನ ಕಾರಣ. ಜ್ವಾಲೆ ಓಲಾಡಿದಾಗ ಮೇಣದ ಆವಿ ಪೂರ್ತಿ ಉರಿಯದೆ ಮಸಿಯಾಗಿ ಉಳಿಯುತ್ತದೆ, ಸೋಯಾ ಆದರೂ ಪ್ಯಾರಾಫಿನ್ ಆದರೂ. ಹೊಗೆಯೇ ಬಾರದ ಬತ್ತಿ ಎಂಬ ಚೀಟಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಸುವಾಸನೆಯದನ್ನು ಹಚ್ಚದಿರುವುದೇ ಕ್ಷೇಮ. ಒಮ್ಮೆಗೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸದೆ, ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ಮೇಣ ಉಳಿದಾಗ ನಿಲ್ಲಿಸಿಬಿಡಿ. ಆಮೇಲೆ ಜ್ವಾಲೆಯ ಬಿಸಿ ನೇರವಾಗಿ ತಳಕ್ಕೆ ತಾಗಿ ಗಾಜು ಸೀಳಬಹುದು. ಖಾಲಿ ಜಾಡಿಯನ್ನು ಫ್ರೀಜರಿನಿಂದ ತೆಗೆದು ಬಿಸಿನೀರಿಗೆ ಹಾಕಬಾರದೆಂದು ಹೇಳಬೇಕಾಗಿಲ್ಲವಷ್ಟೆ.

ಪ್ರಶ್ನೆ: ಮನೆಯಲ್ಲಿ ಯೇಸುವಿನ ಪಟದ ಮುಂದೆ ದಿನವೂ ಮೇಣದ ಬತ್ತಿ ಹಚ್ಚುತ್ತೇವೆ. ಹಿಂದಿನ ಗೋಡೆಗೆ ಮಸಿ ಹಿಡಿದಿದೆ. ಪೀಠಕ್ಕೆ ಹಾಸಿದ ಕಸೂತಿ ಬಟ್ಟೆಯ ಮೇಲೂ ಮೇಣ ಬಿದ್ದಿದೆ. ನತಾಲಿನೊಳಗೆ (ಕ್ರಿಸ್‌ಮಸ್ಸಿನೊಳಗೆ) ಸರಿಪಡಿಸಬೇಕು.
— ಮಂಗಳೂರು

ಉತ್ತರ: ಗೋಡೆಯನ್ನು ಒದ್ದೆ ಬಟ್ಟೆಯಿಂದ ಮೊದಲೇ ಒರೆಸಿದರೆ ಮಸಿ ಹರಡಿ ಕಲೆ ದೊಡ್ಡದಾಗುತ್ತದೆ. ಒಣ ಸ್ಪಂಜಿನಿಂದ ಮೇಲಿನಿಂದ ಕೆಳಕ್ಕೆ, ಒತ್ತದೆ ಎಳೆದು, ಎದ್ದು ಬರುವಷ್ಟನ್ನು ತೆಗೆದ ಮೇಲೆ ಸಾಬೂನು ನೀರು ಬಳಸಬಹುದು. ಅದೂ ಗೋಡೆಗೆ ತೊಳೆಯಬಹುದಾದ ಬಣ್ಣ ಬಳಿದಿದ್ದರೆ ಮಾತ್ರ, ಡಿಸ್ಟೆಂಪರ್ ಆದರೆ ಬಣ್ಣವೇ ಕಿತ್ತು ಬರುತ್ತದೆ. ಬತ್ತಿಯನ್ನು ಗೋಡೆಯಿಂದಲೂ ಪಟದ ಹಾರದಿಂದಲೂ ಕನಿಷ್ಠ ಒಂದು ಅಡಿ ಮುಂದಕ್ಕೆ ತನ್ನಿ. ಬಾಯಿಯಿಂದ ಊದಿ ಆರಿಸುವ ಬದಲು ಇಗರ್ಜಿಯಲ್ಲಿ ಮಾಡುವಂತೆ ಲೋಹದ ಗಂಟೆಯಾಕಾರದ ಮುಚ್ಚಳದಿಂದ ಮುಚ್ಚಿ ಆರಿಸಿ. ಊದಿದಾಗ ಕಾಣುವ ಬಿಳಿಯ ಹೊಗೆ ಉರಿಯದೆ ಉಳಿದ ಮೇಣದ ಆವಿ. ಊದುವ ರಭಸಕ್ಕೆ ಕರಗಿದ ಮೇಣವೂ ಬಟ್ಟೆಯ ಮೇಲೆ ಸಿಡಿಯುತ್ತದೆ, ನಿಮ್ಮ ಕಸೂತಿಗೆ ಬಿದ್ದದ್ದು ಹೀಗೆಯೇ ಇರಬೇಕು.

ಆ ಬಟ್ಟೆಯ ಮೇಲಿನ ಮೇಣಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಹಾಕಿ ಒತ್ತಿಹಿಡಿದು, ಪೆಡಸಾದ ಮೇಣವನ್ನು ಉಗುರಿನಿಂದ ಎಬ್ಬಿಸಿ. ಉಳಿದ ಕಲೆಯ ಕೆಳಗೂ ಮೇಲೂ ಅಚ್ಚಿಲ್ಲದ ಖಾಕಿ ಕಾಗದವಿಟ್ಟು, ಹಬೆಯಿಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಮೆಲ್ಲಗೆ ಆಡಿಸಿದರೆ ಕಾಗದ ಮೇಣವನ್ನು ಹೀರುತ್ತದೆ. ಕಾಗದದಲ್ಲಿ ಎಣ್ಣೆಯಂತಹ ಗುರುತು ಮೂಡಿದಂತೆಲ್ಲ ಜಾಗ ಬದಲಿಸುತ್ತಿರಿ. ಸುದ್ದಿಪತ್ರಿಕೆ ಬೇಡ, ಶಾಯಿ ಬಟ್ಟೆಗೆ ಇಳಿಯಬಹುದು.

ಪ್ರಶ್ನೆ: ದೀಪಾವಳಿಗೆ ರಂಗೋಲಿಯ ಸುತ್ತ ಟೀ ಲೈಟ್‌ಗಳನ್ನು ಒತ್ತೊತ್ತಾಗಿ ಇಡುತ್ತೇವೆ. ಕಳೆದ ವರ್ಷ ಒಂದರ ಮೇಣವೆಲ್ಲ ಒಮ್ಮೆಲೇ ಹೊತ್ತಿಕೊಂಡು ಉರಿಯಿತು. ನೀರು ಹಾಕಿದಾಗ ಬೆಂಕಿ ಭುಗಿಲೆದ್ದಿತು. ಏಕೆ?
— ಹುಬ್ಬಳ್ಳಿ

ಉತ್ತರ: ಒತ್ತಾಗಿಟ್ಟಾಗ ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಮೇಣ ಅತಿಯಾಗಿ ಕಾಯುತ್ತದೆ, ಕಡ್ಡಿ ಗೀರಿ ಹಚ್ಚಿದ ಮೇಲೆ ಉಳಿದ ಬೆಂಕಿಕಡ್ಡಿಯ ತುಂಡು ಒಳಗೆ ಬಿದ್ದಿದ್ದರೆ ಅದೇ ಎರಡನೆಯ ನೂಲಾಗಿ ಉರಿಯತೊಡಗುತ್ತದೆ. ಮೇಣ ತಾನೇ ಹೊತ್ತಿಕೊಂಡಾಗ ನೀರು ಹಾಕಿದರೆ, ನೀರು ಕಾದ ಮೇಣದಡಿಗೆ ಇಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಮೇಣವನ್ನು ಹನಿ ಹನಿಯಾಗಿ ಮೇಲಕ್ಕೆ ಎಸೆಯುತ್ತದೆ. ಒಗ್ಗರಣೆಯ ಎಣ್ಣೆಗೆ ಬೆಂಕಿ ಹತ್ತಿದಾಗಲೂ ನೀರು ಹಾಕಬಾರದೆನ್ನುವುದು ಇದೇ ಕಾರಣಕ್ಕೆ. ಲೋಹದ ತಟ್ಟೆಯನ್ನು ಕವುಚಿ, ತಣಿಯುವವರೆಗೆ ತೆಗೆಯದೆ ಬಿಡಿ. ಎರಡರ ನಡುವೆ ಗೇಣಿನ ಅಂತರವಿರಲಿ. ಹಚ್ಚಿದ ದೀಪಗಳನ್ನು ಸೀರೆಯ ಸೆರಗು, ಲಂಗ ತಾಗದ ಕಡೆ ಇಡಿ.

ಪ್ರಶ್ನೆ: ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟ ಬತ್ತಿಗಳೆಲ್ಲ ಬಿಲ್ಲಿನಂತೆ ಬಾಗಿವೆ. ಫ್ರಿಜ್ಜಿನಲ್ಲಿಟ್ಟರೆ ಹೆಚ್ಚು ಹೊತ್ತು ಉರಿಯುತ್ತವೆಂಬುದು ನಿಜವೇ?
— ಕಲಬುರಗಿ

ಉತ್ತರ: ನಿಮ್ಮೂರಿನ 40 ಡಿಗ್ರಿ ದಾಟುವ ಬಿಸಿಲಿಗೆ ಮೇಣ ಕರಗುವುದಿಲ್ಲ, ಆದರೆ ತನ್ನ ಭಾರಕ್ಕೆ ತಾನೇ ಬಾಗುವಷ್ಟು ಮೆತ್ತಗಾಗುತ್ತದೆ. ಬಾಗಿದವನ್ನು ಬೆಚ್ಚನೆಯ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ಸಮತಟ್ಟಾದ ಕಲ್ಲಿನ ಮೇಲೆ ಅಂಗೈಯಿಂದ ಉರುಳಿಸಿ, ನೆಟ್ಟಗಾದ ಕೂಡಲೇ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತವೆ. ನೂಲು ಪೂರ್ತಿ ಒಣಗಿದ ಮೇಲೆ ಹಚ್ಚಿ, ಇಲ್ಲದಿದ್ದರೆ ಚಟಪಟ ಸಿಡಿಯುತ್ತದೆ. ಫ್ರಿಜ್ಜಿನಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ, ಹಚ್ಚಿದ ಮೇಲೆ ಬತ್ತಿ ಬೇಗನೆ ಕೋಣೆಯ ಶಾಖಕ್ಕೆ ಬಂದುಬಿಡುತ್ತದೆ. ಕಪಾಟಿನ ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ, ಕಾಗದದಲ್ಲಿ ಸುತ್ತಿ, ಒರಗಿಸಿ ನಿಲ್ಲಿಸದೆ ಮಲಗಿಸಿಡಿ.