ಓದದೆ ಆಡಿದ ಮಾತು, ಓದಿ ಬರೆದ ಎರಡು ಸಾಲು

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದಿದ್ದ ಒಬ್ಬ ಹೆಣ್ಣುಮಗಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಅವರು ಮೊದಲ ಸಲ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು ನಲವತ್ತು ದಾಟಿದೆ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಪಿಯುಸಿ ಓದುವ ಮಗಳು. ಮೂರು ತಿಂಗಳಿಂದ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಮಾತನಾಡುವಾಗ ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತಲೇ ಇದ್ದರು. ನೋವಿದೆಯಾ ಅಂತ ಕೇಳಿದೆ.

“ಹೌದು ಮೇಡಂ. ಮೊಬೈಲಿನಲ್ಲಿ ಟೈಪ್ ಮಾಡಿ ಮಾಡಿ ಹೀಗಾಗಿದೆ.”

“ಏನು ಟೈಪ್ ಮಾಡ್ತೀರಿ?”

ಸ್ವಲ್ಪ ಹೊತ್ತು ಸುಮ್ಮನಿದ್ದು “ಕಥೆ” ಅಂದರು. ಹಿಂದೆಯೇ, “ಅಂಥದ್ದೇನಲ್ಲ, ಸುಮ್ನೆ ಟೈಂಪಾಸಿಗೆ” ಅಂತ ಸೇರಿಸಿದರು.

ಅಲ್ಲಿ ನಾನೊಂದು ತಪ್ಪು ಮಾಡಿದೆ. “ಓಹ್, ಪುಸ್ತಕ ಆಗಿದೆಯಾ?” ಅಂದೆ. ಅವರ ಮುಖ ಸಣ್ಣಗಾಯಿತು. ಅದೇ ಪ್ರಶ್ನೆಯನ್ನು ಅವರು ನಾಲ್ಕು ವರ್ಷದಿಂದ ಕೇಳಿಸಿಕೊಳ್ಳುತ್ತಾ ಬಂದಿದ್ದರು ಅಂತ ನನಗೆ ಆಮೇಲೆ ತಿಳಿಯಿತು.

ನಾಲ್ಕು ವರ್ಷದಲ್ಲಿ ಒಂಬತ್ತು ಕಾದಂಬರಿ ಬರೆದಿದ್ದರು. ಎಲ್ಲವೂ ಒಂದು ಆ್ಯಪಿನಲ್ಲಿ ಕಂತು ಕಂತಾಗಿ ಬಂದಿದ್ದವು. ಇಂಥ ಆ್ಯಪುಗಳು ಈಗ ಹಲವು ಇವೆ. 2014ರಲ್ಲಿ ಶುರುವಾದ, ನಮ್ಮ ಬೆಂಗಳೂರಿನದೇ ಆದ ಪ್ರತಿಲಿಪಿಯನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಮಧ್ಯೆ ಪ್ರಕಾಶಕರಿಲ್ಲ. ಬರೆದವರೇ ಪ್ರಕಟಿಸುತ್ತಾರೆ, ಓದಿದವರು ಕೆಳಗೇ ಅಭಿಪ್ರಾಯ ಬರೆಯುತ್ತಾರೆ. ಇವರದ್ದು ಪ್ರೀತಿ, ಸೇಡು, ಕಾಣೆಯಾದ ಅಕ್ಕ, ಬೀಗ ಹಾಕಿದ ಕೋಣೆ, ಇಂಥ ಕಥೆಗಳು. ಒಂದನ್ನು ಇ-ಬುಕ್ ಮಾಡಿ ಮಾರಾಟಕ್ಕೂ ಇಟ್ಟಿದ್ದರು. ಅದರ ಮುಖಪುಟ ಮಾಡಿಕೊಟ್ಟವಳು ಮಗಳು. ಬರೆಯುವ ಹೊತ್ತು ರಾತ್ರಿ ಪಾತ್ರೆ ತೊಳೆದಾದ ಮೇಲೆ, ಅಡುಗೆಮನೆ ಕಟ್ಟೆಗೆ ಒರಗಿ ನಿಂತುಕೊಂಡು. ಕೂತರೆ ನಿದ್ದೆ ಬಂದುಬಿಡುತ್ತೆ ಅಂತ ನಿಂತೇ ಬರೆಯುತ್ತಿದ್ದರಂತೆ.

ಇದೆಲ್ಲ ನಿಂತದ್ದು ಒಂದು ಗೃಹಪ್ರವೇಶದ ದಿನ. ಗಂಡನ ಅಣ್ಣ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ಎಲ್ಲರಿಗೂ ಅವರ ಮಾತೆಂದರೆ ಮಾತು. ಊಟದ ಪಂಕ್ತಿಯಲ್ಲಿ ಯಾರೋ ನೆಂಟರು “ನಿಮ್ಮನೇಲಿ ಇನ್ನೊಬ್ಬ ಸಾಹಿತಿ ಇದಾರಂತಲ್ಲ ಸಾರ್” ಅಂದರು. ಭಾವ ನಗುತ್ತಾ ಹೇಳಿದರಂತೆ: “ಅದನ್ನೂ ಸಾಹಿತ್ಯ ಅಂದ್ರೆ ಹೇಗಪ್ಪಾ? ಕೆಲಸ ಇಲ್ಲದೋರು ಬರೀತಾರೆ, ಕೆಲಸ ಇಲ್ಲದೋರು ಓದ್ತಾರೆ.”

ಇವರು ಆಗ ಅದೇ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ಎಲ್ಲರೂ ನಕ್ಕರು. ಗಂಡನೂ ನಕ್ಕರು. ಆ ರಾತ್ರಿಯಿಂದ ಬರೆಯುವುದು ನಿಂತಿತು. ಒಂಬತ್ತನೆಯ ಕಾದಂಬರಿ 41ನೇ ಅಧ್ಯಾಯಕ್ಕೆ ನಿಂತಿತ್ತು. ನಾಯಕಿ ಆಗಿನ್ನೂ ಬಸ್‌ಸ್ಟ್ಯಾಂಡಿನಲ್ಲೇ ಇದ್ದಳು.

ಮೊದಲು ನಿದ್ದೆ, ಊಟ, ಸಾಯಬೇಕೆನ್ನುವ ಯೋಚನೆ, ಇವನ್ನೆಲ್ಲ ವಿಚಾರಿಸಿದೆ. ಅಂಥ ಯೋಚನೆ ಇರಲಿಲ್ಲ. ಆದರೂ ಮೂರು ತಿಂಗಳ ನಿದ್ದೆಗೇಡು ಸಣ್ಣದಲ್ಲ, ಹಾಗಾಗಿ ಒಮ್ಮೆ ಮನೋವೈದ್ಯರನ್ನು ನೋಡಿ ಅಂತ ಕಳಿಸಿದೆ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಅಂತ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416 ಬರೆದುಕೊಟ್ಟೆ. ಅದು ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತಿಗೆ ಏನಾಗುತ್ತೆ ಅನ್ನುತ್ತೇವೆ. ಇಷ್ಟೆಲ್ಲ ಆಗುತ್ತೆ.

ಎರಡನೇ ಸಲ ಅವರು ಒಂದು ವಾಕ್ಯವನ್ನು ಮತ್ತೆ ಮತ್ತೆ ಹೇಳಿದರು. “ಭಾವ ಹೇಳಿದ್ದು ನಿಜ ತಾನೇ ಮೇಡಂ? ಯಾರಾದ್ರೂ ಒಪ್ಪಿ ಅಚ್ಚು ಹಾಕಿದ್ರೆ ತಾನೇ ಲೇಖಕಿ?”

ನನಗೆ ತಿಳಿದದ್ದನ್ನು ಹೇಳಿದೆ. ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕಾರಂತರು ಪುತ್ತೂರಿನಲ್ಲಿ ತಾವೇ ಅಚ್ಚು ಹಾಕಿಕೊಂಡವರು. ನಾಲ್ಕನೇ ಕ್ಲಾಸು ಓದಿದ್ದ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು, ಎಷ್ಟೋ ಜನಕ್ಕೆ ಓದುವ ಚಟ ಹತ್ತಿಸಿದರು. ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಮೂಲೆಗೆ ತಳ್ಳಿದ ಕಾಲವೂ ಇತ್ತು. ತ್ರಿವೇಣಿಯವರನ್ನು ಜನಪ್ರಿಯ ಲೇಖಕಿ ಅಂದುಬಿಡುತ್ತಾರೆ. ಆದರೆ ಬಾಣಂತನದ ನಂತರ ಮನಸ್ಸು ಕೆಟ್ಟು, ವಾಸಿಯಾಗಿ ಬಂದರೂ ಮನೆಯವರು ನಂಬದ ಹೆಣ್ಣಿನ ಕಥೆಯನ್ನು ‘ಶರಪಂಜರ’ದಲ್ಲಿ ಬರೆದವರು ಅವರೇ. 1963ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೂ ಆಗಿರಲಿಲ್ಲ. ನನ್ನ ವೃತ್ತಿಯವರು ಹತ್ತು ಭಾಷಣದಲ್ಲಿ ಹೇಳಲಾರದ್ದು ಆ ಕಾದಂಬರಿಯಿಂದ ಮನೆಮನೆಗೆ ಮುಟ್ಟಿತು. ಇದನ್ನು ನಾನು ಮನಸಾರೆ ನಂಬುತ್ತೇನೆ. ನನ್ನ ದೊಡ್ಡಮ್ಮ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಣದಿಂದ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದಿಡುತ್ತಿದ್ದರು. ಅಂಥ ಒಂದು ಕಟ್ಟು ಈಗಲೂ ನನ್ನ ಹತ್ತಿರ ಇದೆ. ಅದನ್ನೂ ಹೇಳಿದೆ.

ಅವರು ಎಲ್ಲ ಕೇಳಿ, “ಅವರೆಲ್ಲ ದೊಡ್ಡವರು ಮೇಡಂ” ಅಂದರು.

ನನ್ನ ಮಾತು ಕೆಲಸ ಮಾಡಲಿಲ್ಲ. ಯಾಕೆ ಅಂತ ಆಮೇಲೆ ಯೋಚಿಸಿದೆ. ಮೇಲು ಕೀಳಿನ ಅದೇ ಸಾಲಿನಲ್ಲಿ ಅವರನ್ನು ಸ್ವಲ್ಪ ಮುಂದಕ್ಕೆ ನಿಲ್ಲಿಸಲು ನೋಡಿದ್ದೆ, ಅಷ್ಟೇ. ಸಾಲು ಹಾಗೇ ಇತ್ತು.

ಹಾಗಾಗಿ ಮೂರನೇ ಭೇಟಿಗೆ ಮೊದಲು, ಅವರನ್ನು ಕೇಳಿಕೊಂಡು, ಎರಡು ಕಾದಂಬರಿ ಪೂರ್ತಿ ಓದಿದೆ. ಒಂದು ನನ್ನನ್ನು ರಾತ್ರಿ ಹನ್ನೆರಡರವರೆಗೆ ಎಬ್ಬಿಸಿ ಕೂರಿಸಿತು. ಸಹಕಾರ ಸಂಘದಲ್ಲಿ ಸಾಲ ಕೇಳಲು ಬಂದ ಮುದುಕಿ ಸೆರಗಿನ ಗಂಟು ಬಿಚ್ಚಿ ಒಡವೆ ಚೀಟಿ ತೆಗೆಯುವ ಒಂದು ದೃಶ್ಯ ಇದೆ. ಅಲ್ಲೇ ಕೂತು ನೋಡಿದವರು ಮಾತ್ರ ಹಾಗೆ ಬರೆಯಬಲ್ಲರು. ಇನ್ನೊಂದು ಕಾದಂಬರಿ ಅವಸರದ್ದು. ಅಕ್ಷರ ತಪ್ಪು ಬೇಕಾದಷ್ಟು. ಎರಡು ಕಡೆ ಪಾತ್ರದ ಹೆಸರೇ ಬದಲಾಗಿತ್ತು. ಅದರಲ್ಲಿ ನಾಯಕ ನಾಯಕಿಯ ಕೆನ್ನೆಗೆ ಹೊಡೆಯುತ್ತಾನೆ. ಮುಂದಿನ ಅಧ್ಯಾಯದಲ್ಲಿ ಅವಳಿಗೆ ಅವನ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಗುತ್ತದೆ.

ಮುದುಕಿಯ ದೃಶ್ಯದ ಬಗ್ಗೆ ಮೊದಲು ಹೇಳಿದೆ. ಆಮೇಲೆ ಈ ಏಟಿನ ಬಗ್ಗೆ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: “ಅದು ಓಡುತ್ತೆ ಮೇಡಂ. ಓದೋರಿಗೆ ಅಂಥದ್ದೇ ಬೇಕು. ಅವರಿಗೇನು ಗೊತ್ತಾಗುತ್ತೆ.”

ನನಗೆ ವಿಷಯ ಬಿಡಿಸಿದ್ದು ಈ ಮಾತು. ಭಾವ ಪಂಕ್ತಿಯಲ್ಲಿ ಹೇಳಿದ್ದೂ ಇದನ್ನೇ ಅಲ್ವಾ? ಆ ತಾತ್ಸಾರ ಇವರೊಳಗೆ ಮೊದಲಿನಿಂದಲೂ ಇತ್ತು. ತಮ್ಮ ಓದುಗರನ್ನು ಇವರೂ ಕೀಳಾಗಿಯೇ ಕಂಡಿದ್ದರು. ಅದಕ್ಕೇ ಆ ಮಾತು ಅಷ್ಟು ಆಳಕ್ಕೆ ಇಳಿದಿತ್ತು. ಅದಕ್ಕೇ ನೂರಾರು ಜನರ ಮೆಚ್ಚುಗೆ ಒಂದು ರಾತ್ರಿಯ ನಿದ್ದೆಯನ್ನೂ ಕೊಡಲಿಲ್ಲ.

ಫೋನ್ ತೆಗೆಸಿದೆ. ಆ ಅಧ್ಯಾಯದ ಕೆಳಗಿನ ಅಭಿಪ್ರಾಯಗಳನ್ನು ಇಬ್ಬರೂ ಕೂತು ಓದಿದೆವು. ಸೂಪರ್, ಮುಂದಿನ ಭಾಗ ಬೇಗ ಹಾಕಿ, ಹೂವಿನ ಚಿತ್ರ, ಇಂಥವೇ ಹೆಚ್ಚು. ನಡುವೆ ಒಬ್ಬರು ಬರೆದಿದ್ದರು: “ಮೇಡಂ, ಹೊಡೆದವನನ್ನು ಅವಳು ಅಷ್ಟು ಬೇಗ ಯಾಕೆ ಕ್ಷಮಿಸಿದಳು? ನಾನು ಕ್ಷಮಿಸಿಲ್ಲ.”

ಎರಡೇ ಸಾಲು. ಇವರು ಅದಕ್ಕೊಂದು ಲೈಕ್ ಒತ್ತಿ ಮುಂದೆ ಹೋಗಿದ್ದರು. ಈಗ ಮತ್ತೆ ಓದಿ ಬಾಯಿಗೆ ಸೆರಗು ಒತ್ತಿಕೊಂಡರು. ನಾನೂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಆಮೇಲೆ ಇನ್ನೊಂದು ಕಂಡಿತು. ನಿಂತುಹೋದ 41ನೇ ಅಧ್ಯಾಯದ ಕೆಳಗೆ 17 ಜನ “ಹುಷಾರಾಗಿದ್ದೀರಾ?” ಅಂತ ಕೇಳಿದ್ದರು. ಒಬ್ಬರು ಮೂರು ಸಲ ಕೇಳಿದ್ದರು. ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಆ ದಿನ ನಾನು ಕೊಟ್ಟ ಸಲಹೆ ಇಷ್ಟು. ಭಾವನ ಮಾತನ್ನು ಅವರು ಆಡಿದ ಹಾಗೇ ಒಂದು ಹಾಳೆಯ ಮೇಲೆ ಬರೆಯಿರಿ. ಅದರಲ್ಲಿ ನಿಮ್ಮ ಕಥೆಯ ಬಗ್ಗೆ ಏನಿದೆ ಹುಡುಕಿ. ಅವರು ಹುಡುಕಿದರು, ಒಂದು ಶಬ್ದವೂ ಇರಲಿಲ್ಲ. ಭಾವ ಒಂದು ಪುಟವನ್ನೂ ಓದಿರಲಿಲ್ಲ. ಓದದೆ ಆಡಿದ ಮಾತು ತಾತ್ಸಾರ. ಅದಕ್ಕೆ ಉತ್ತರ ಕೊಡುವ ಜವಾಬ್ದಾರಿ ನಿಮ್ಮದಲ್ಲ ಅಂದೆ. ಓದಿ, ಇಂಥ ಕಡೆ ಹೀಗಾಗಿದೆ ಅಂತ ತೋರಿಸಿದರೆ ಅದು ವಿಮರ್ಶೆ. ಅದು ಯಾರಿಂದ ಬಂದರೂ ಕೂತು ಕೇಳಿ, ನೋವಾದರೂ ಕೇಳಿ. ನಿಮಗೆ ಸಿಕ್ಕಿದ ನಿಜವಾದ ವಿಮರ್ಶಕಿ ಆ ಎರಡು ಸಾಲಿನ ಹೆಂಗಸು.

ಭಾವ ಮತ್ತೆ ಅಂದರೆ ಹೇಳಲು ಒಂದು ಮಾತು ಅಭ್ಯಾಸ ಮಾಡಿಸಿದೆ. “ಒಂದು ಅಧ್ಯಾಯ ಓದಿ ಭಾವ. ಓದಿದ ಮೇಲೆ ಏನಂದ್ರೂ ಕೇಳ್ತೀನಿ.” ಇಷ್ಟೇ ಸಾಕು, ಅವರನ್ನು ಒಪ್ಪಿಸುವ ಗೋಜಿಗೆ ಹೋಗಬೇಡಿ.

ಬರೆಯುವ ರೀತಿಯಲ್ಲೂ ಕೆಲವು ಬದಲಾವಣೆ ಹೇಳಿದೆ. ದಿನಾ ಒಂದು ಕಂತಿನ ಬದಲು ವಾರಕ್ಕೆ ಎರಡು. ಬರೆದದ್ದನ್ನು ಒಂದು ರಾತ್ರಿ ಇಟ್ಟು, ಬೆಳಗ್ಗೆ ಬಸ್ಸಿನಲ್ಲಿ ಓದಿ ಆಮೇಲೆ ಹಾಕುವುದು. ಅಕ್ಷರ ತಪ್ಪು ನೋಡಲು ಮಗಳು. ಹತ್ತೂವರೆಗೆ ಫೋನ್ ಬೇರೆ ಕೋಣೆಗೆ. ಹೆಬ್ಬೆರಳಿಗೆ ಡಾಕ್ಟರು. ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸಬಹುದು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

ಗಂಡ ಒಮ್ಮೆ ಬಂದರು. “ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳಿಗೆ ಇಷ್ಟು ನೋವಾಗುತ್ತೆ ಅಂತ ಗೊತ್ತಿರಲಿಲ್ಲ” ಅಂದರು. ಓದುತ್ತೇನೆ ಅಂತ ಮಾತು ಕೊಡಬೇಡಿ, ಬರೆಯುವ ಹೊತ್ತಿನಲ್ಲಿ ಪಾತ್ರೆ ನೀವು ತೊಳೆಯಿರಿ ಅಂದೆ. ತೊಳೆಯುತ್ತಿದ್ದಾರಂತೆ.

ಯುಗಾದಿಗೆ ಎಲ್ಲರೂ ಸೇರಿದಾಗ ಭಾವನಿಗೆ ಆ ಮಾತು ಹೇಳಿದರು. ಅವರು “ನೋಡೋಣ” ಅಂದರು. ಐದು ತಿಂಗಳಾಯಿತು, ಇನ್ನೂ ಓದಿಲ್ಲ. ಇವರಿಗೆ ಈಗಲೂ ಅದು ನೆನಪಾದರೆ ಬೇಜಾರಾಗುತ್ತದೆ. ಆದರೆ ನಿದ್ದೆ ಬರುತ್ತದೆ.

ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ನಾಯಕಿಗೆ ಬಸ್ಸು ಹತ್ತಿಸಿದ ಮೇಲೆ, ಹಳೆಯ ಕಾದಂಬರಿಯ ಆ ಅಧ್ಯಾಯವನ್ನು ತೆಗೆದು ಹೊಸದಾಗಿ ಬರೆದರು. ಆ ಎರಡು ಸಾಲಿನ ಕೆಳಗೆ, “ನಿಮ್ಮ ಪ್ರಶ್ನೆಗೆ ಆಗ ಉತ್ತರ ಕೊಡಲಿಲ್ಲ. ತಪ್ಪಾಯ್ತು. ಈಗ ಓದಿ ನೋಡಿ” ಅಂತ ಬರೆದರು. ಕೊನೆಯ ಭೇಟಿಯ ದಿನ ಬ್ಯಾಗಿನಿಂದ ಫೋನ್ ತೆಗೆದು ನನಗೆ ತೋರಿಸಿದರು. ಉತ್ತರ ಬಂದಿತ್ತು.

“ಓದಿದೆ ಮೇಡಂ. ಈ ಸಲ ಅವಳು ಬಾಗಿಲು ತೆಗೆಯಲಿಲ್ಲ ಅಲ್ವಾ.”