ಮೇಳ ಬದಲಿಸುವ ಆಟಗಾರರು: ಓದುಗರ ಪ್ರಶ್ನೆ, ಕಾರವಾರದಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫುಟ್‌ಬಾಲ್‌ ಬಗ್ಗೆಯೇ. ಕ್ರಿಕೆಟ್ ಬಗ್ಗೆ ಒಂದೂ ಇಲ್ಲ, ಖುಷಿಯಾಯಿತು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದವರಾದ ಸುದ್ದಿಯೇ ಇದಕ್ಕೆ ಕಾರಣ ಇರಬೇಕು. ಅದಲ್ಲದೆ ನಮ್ಮ ಕಾರವಾರದಲ್ಲಿ ಫುಟ್‌ಬಾಲ್, ಪಾಸ್‌ಪೋರ್ಟ್, ಗೋವಾ ಮೂರೂ ಒಂದೇ ಬಸ್ಸಿನಲ್ಲಿ ಬರುವ ವಿಷಯಗಳು.

ಪ್ರ: ಕಾಮೆಂಟ್ರಿಯಲ್ಲಿ ಕೆಲವು ಆಟಗಾರರನ್ನು ‘ಜರ್ನಿಮನ್’ ಅನ್ನುತ್ತಾರೆ. ಅದು ಬೈಗುಳವಾ? ಕನ್ನಡದಲ್ಲಿ ಏನನ್ನಬೇಕು? (ಶಿರಸಿಯ ಓದುಗರು)

ಉ: ನೀವು ಶಿರಸಿಯವರಾಗಿ ಇದನ್ನು ನನ್ನ ಹತ್ತಿರ ಕೇಳುತ್ತೀರಲ್ಲ! ನಮ್ಮ ಜಿಲ್ಲೆಯಲ್ಲಿ ‘ಆಟಕ್ಕೆ ಹೋಗಿದ್ದೆ’ ಅಂದರೆ ಯಕ್ಷಗಾನಕ್ಕೆ ಹೋಗಿದ್ದೆ ಅಂತ ಅರ್ಥ. ಮೇಳ ಊರೂರು ಸುತ್ತುವುದಕ್ಕೆ ತಿರುಗಾಟ ಅನ್ನುತ್ತೇವೆ. ಮಳೆ ಹಿಡಿಯುವ ಹೊತ್ತಿಗೆ ತಿರುಗಾಟ ಮುಗಿಯುತ್ತದೆ, ಆಮೇಲೆ ಅಡಿಕೆ ಅಂಗಡಿ ಕಟ್ಟೆಯ ಮೇಲೆ ಒಂದೇ ಮಾತು: ಆ ಎರಡನೇ ವೇಷದವರು ಮುಂದಿನ ವರ್ಷ ಯಾವ ಮೇಳಕ್ಕಂತೆ? ಯುರೋಪಿನ ಕ್ಲಬ್‌ಗಳು ಆಟಗಾರರನ್ನು ಕೊಡುವುದು, ಕೊಳ್ಳುವುದು ಮಾಡುವ ದೊಡ್ಡ ಅವಧಿಯೂ ಹೆಚ್ಚುಕಡಿಮೆ ಅದೇ ಮಳೆಗಾಲದ್ದು. ಹಾಗಾಗಿ ಜರ್ನಿಮನ್ ಅಂದರೆ ಮೇಳ ಬದಲಿಸುವ ಕಲಾವಿದ ಅಂತಲೇ ಇಟ್ಟುಕೊಳ್ಳಿ.

ಬೈಗುಳ ಅಲ್ಲ. ಕೆರೆಮನೆಯವರ ಹಾಗೆ ಇಡಗುಂಜಿ ಮೇಳ ಕಟ್ಟಿಕೊಂಡು ತಲೆಮಾರುಗಟ್ಟಲೆ ಅಲ್ಲೇ ಇರುವುದು ಎಲ್ಲರಿಗೂ ಆಗುವುದಿಲ್ಲ. ಯಾರು ಕರೆದರೂ ಹೋಗಿ, ಸಿಕ್ಕ ಪಾತ್ರ ಹಾಳು ಮಾಡದೆ ಆಡಿ ಬರುವವರಿಂದಲೇ ಮೇಳಗಳು ನಡೆಯುವುದು.

ಎರಡು ದೇಶದ ರಕ್ತ ಇರುವವರಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಕೆವಿನ್ ಪ್ರಿನ್ಸ್ ಬೋಟೆಂಗ್. 1987ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು, ಅಪ್ಪ ಘಾನಾದವರು, ಅಮ್ಮ ಜರ್ಮನಿಯವರು. ಹೆರ್ತಾ, ಟಾಟೆನ್‌ಹ್ಯಾಮ್, ಡಾರ್ಟ್ಮಂಡ್, ಪೋರ್ಟ್ಸ್‌ಮತ್, ಮಿಲಾನ್, ಶಾಲ್ಕೆ, ಲಾಸ್ ಪಾಲ್ಮಾಸ್, ಫ್ರಾಂಕ್‌ಫರ್ಟ್, ಸಾಸುವೊಲೊ ಅಂತ ಸುತ್ತಿ, 2019ರಲ್ಲಿ ಎಲ್ಲರೂ ಕಣ್ಣುಜ್ಜಿಕೊಳ್ಳುವ ಹಾಗೆ ಕೆಲವು ತಿಂಗಳು ಬಾರ್ಸಿಲೋನಾಕ್ಕೂ ಹೋಗಿ, ಕಡೆಗೆ ಮತ್ತೆ ಹೆರ್ತಾಕ್ಕೇ ಬಂದು ನಿಲ್ಲಿಸಿದರು. 2010ರ ವಿಶ್ವಕಪ್‌ನಲ್ಲಿ ಇವರು ಘಾನಾಕ್ಕೆ ಆಡಿದರು. ಎದುರಿಗೆ ಜರ್ಮನಿಯ ಅಂಗಿ ಹಾಕಿ ನಿಂತಿದ್ದವರು ಜೆರೋಮ್ ಬೋಟೆಂಗ್, ಇವರದೇ ತಮ್ಮ. ಅಪ್ಪ ಒಬ್ಬರೇ, ತಾಯಂದಿರು ಬೇರೆ. ಯಕ್ಷಗಾನದಲ್ಲಾದರೆ ಇಂಥ ಪ್ರಸಂಗಕ್ಕೆ ಬೆಳಗಿನ ತನಕ ಪದ್ಯ ಇರುತ್ತಿತ್ತು.

ಪ್ರ: ರಯಾನ್ ವಿಲಿಯಮ್ಸ್ ಮಾಡಿದ್ದು ದೇಶಪ್ರೇಮವೋ ಲೆಕ್ಕಾಚಾರವೋ? ಆಸ್ಟ್ರೇಲಿಯಾ ವಿಶ್ವಕಪ್ ಆಡುವ ದೇಶ, ನಾವು ಬಾಂಗ್ಲಾದೇಶಕ್ಕೆ ಸೋಲುವವರು. (ಕಾರವಾರದ ಕಾಲೇಜು ವಿದ್ಯಾರ್ಥಿ)

ಉ: ಎರಡೂ ಇರಬಾರದು ಅಂತ ಯಾರು ಹೇಳಿದರು ಮಾರಾಯ? ಸಂಬಳ ಬರುವ ಊರನ್ನು ಪ್ರೀತಿಸಬಾರದು ಅಂತ ಕಾನೂನು ಇಲ್ಲವಲ್ಲ.

ಅವರ ದಾರಿ ನೋಡಿ. 1993ರಲ್ಲಿ ಪರ್ತ್‌ನಲ್ಲಿ ಹುಟ್ಟಿದವರು. ತಾಯಿ ಮುಂಬೈಯ ಆಂಗ್ಲೋ ಇಂಡಿಯನ್ ಮನೆಯವರು, ಆ ಕಡೆಯ ಅಜ್ಜ 1950ರ ದಶಕದಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ತಂಡಕ್ಕೆ ಆಡಿದವರು. ಹುಡುಗನಾಗಿದ್ದಾಗಲೇ ಇಂಗ್ಲೆಂಡಿಗೆ ಹೋಗಿ ಪೋರ್ಟ್ಸ್‌ಮತ್ ಸೇರಿದರು. ಅಲ್ಲಿಂದ ಫುಲ್ಹಾಮ್. ಫುಲ್ಹಾಮ್ ಅಂದರೆ ಆಗ ಪ್ರೀಮಿಯರ್ ಲೀಗ್, ಆದರೆ ಹೆಸರು ಅಲ್ಲಿ, ಆಟ ಮಾತ್ರ ಕ್ಲಬ್ಬು ಸಾಲ ಕೊಟ್ಟ ಬೇರೆ ತಂಡಗಳಲ್ಲಿ. ಆಮೇಲೆ ಬಾರ್ನ್ಸ್ಲಿ, ರಾಥರ್‌ಹ್ಯಾಮ್, ಮತ್ತೆ ಪೋರ್ಟ್ಸ್‌ಮತ್, ಆಕ್ಸ್‌ಫರ್ಡ್. 2022ರಲ್ಲಿ ಹುಟ್ಟೂರಿನ ಪರ್ತ್ ಗ್ಲೋರಿ, 2023ರಲ್ಲಿ ಬೆಂಗಳೂರು. ಇದರ ನಡುವೆ ಆಸ್ಟ್ರೇಲಿಯಾ ಹಿರಿಯರ ತಂಡಕ್ಕೆ ಆಡಿದ್ದು ಎಷ್ಟು ಅಂದುಕೊಂಡಿರಿ? ಒಂದೇ ಒಂದು ಪಂದ್ಯ. 2019ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ವಿರುದ್ಧ, ಅದೂ ಬದಲಿ ಆಟಗಾರನಾಗಿ. ಅದು ಸ್ನೇಹ ಪಂದ್ಯ, ಟೂರ್ನಿಯ ಪಂದ್ಯ ಅಲ್ಲ, ಹಾಗಾಗಿ ಬೇರೆ ದೇಶದ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಅಂದರೆ ಅವರು ಬಿಟ್ಟು ಬಂದದ್ದು ವಿಶ್ವಕಪ್ ಅಲ್ಲ. 32ನೇ ವಯಸ್ಸಿಗೆ ಆ ಕಡೆಯಿಂದ ಫೋನ್ ಬರುವ ಆಸೆ ಇಟ್ಟುಕೊಳ್ಳುವಷ್ಟು ಅವರು ಪೆದ್ದರಲ್ಲ.

ಇನ್ನು ಲೆಕ್ಕದ ಕಡೆ. ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಒಂದು ತಂಡದಿಂದ ಏಕಕಾಲಕ್ಕೆ ಮೈದಾನದಲ್ಲಿ ನಾಲ್ವರು ವಿದೇಶಿಗಳಿಗಷ್ಟೇ ಜಾಗ ಇಟ್ಟಿದ್ದರು. ವಿಲಿಯಮ್ಸ್ ಭಾರತದವರಾದ ಕೂಡಲೇ ಆ ನಾಲ್ವರ ಲೆಕ್ಕದಿಂದ ಹೊರಗೆ ಬಂದರು. ಆಟಗಾರ ಅದೇ, ಓಟ ಅದೇ, ಬೆಲೆ ಮಾತ್ರ ಮರುದಿನ ಬೆಳಗ್ಗೆ ಬೇರೆ. ಬಂಗಡೆ ಸಿಗದ ದಿನ ತಾರ್ಲೆಯ ರೇಟು ಏನಾಗುತ್ತದೆ ಅಂತ ಕಾರವಾರದವರಿಗೆ ನಾನು ಹೇಳಬೇಕಾಗಿಲ್ಲ ಅಲ್ವಾ? (ಮೀನಿಗೆ ಹೋಲಿಸಿದ್ದಕ್ಕೆ ಅವರ ಅಭಿಮಾನಿಗಳು ಕ್ಷಮಿಸಬೇಕು, ನಾನೂ ಅಭಿಮಾನಿಯೇ. 2025ರ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರಿನ ಒಂದೇ ಗೋಲು ಬಂದದ್ದು ಇವರು ಒಳಗೆ ಹಾಕಿದ ಚೆಂಡು ಮೋಹನ್ ಬಾಗಾನ್ ಡಿಫೆಂಡರ್ ಕಾಲಿಗೆ ತಾಗಿ. ಆಮೇಲೆ 2-1ರಲ್ಲಿ ಸೋತೆವು, ಆ ರಾತ್ರಿ ಊಟ ಸೇರಲಿಲ್ಲ.)

ಹಾಗಂತ ಎಲ್ಲ ಸಲೀಸಾಗಿ ಆಗಲಿಲ್ಲ. 2025ರ ನವೆಂಬರ್‌ನಲ್ಲಿ ತಂಡದ ಜೊತೆ ಢಾಕಾಗೆ ಹೋದರು, ಕಾಗದಪತ್ರ ಸಮಯಕ್ಕೆ ಸರಿಯಾಗಿ ಬರಲಿಲ್ಲ, ಆಡಲಿಲ್ಲ. ನೀವು ಹೇಳಿದ ಬಾಂಗ್ಲಾದೇಶದ ಸೋಲು ಅದೇ, 0-1. ಪಾಸ್‌ಪೋರ್ಟ್ ಬಿಟ್ಟು ಬಂದವರು ಕೂತು ನೋಡಬೇಕಾಯಿತು.

ಪ್ರ: ಮೈಕೆಲ್ ಚೋಪ್ರಾ ಅಂತ ಒಬ್ಬರಿದ್ದರಲ್ಲ, ಅವರು ಯಾಕೆ ಭಾರತಕ್ಕೆ ಆಡಲಿಲ್ಲ? (ಅಂಕೋಲಾ)

ಉ: ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ವೀಸಾ ಬೇಡ, ಆದರೆ ದೇಶದ ತಂಡಕ್ಕೆ ಆಡುವಂತಿಲ್ಲ. ಚೋಪ್ರಾ ನ್ಯೂಕಾಸಲ್‌ನಲ್ಲಿ ಹುಟ್ಟಿದವರು, ಅಪ್ಪನ ಕಡೆಯಿಂದ ಭಾರತದವರು. 2006-07ರಲ್ಲಿ ಕಾರ್ಡಿಫ್‌ಗೆ ಲೀಗ್‌ನಲ್ಲಿ 22 ಗೋಲು ಹೊಡೆದರು. ಆಮೇಲೆ 50 ಲಕ್ಷ ಪೌಂಡಿಗೆ ಹೋದದ್ದು ಎಲ್ಲಿಗೆ ಅಂದರೆ ಸಂಡರ್‌ಲ್ಯಾಂಡ್‌ಗೆ, ನ್ಯೂಕಾಸಲ್‌ನವರ ಆಜನ್ಮ ವೈರಿಗಳ ಹತ್ತಿರ. ಮೊದಲ ಪಂದ್ಯದಲ್ಲೇ ಟಾಟೆನ್‌ಹ್ಯಾಮ್ ವಿರುದ್ಧ ಕೊನೇ ಕ್ಷಣದ ಗೋಲು. ಭಾರತಕ್ಕೆ ಆಡುವ ಮಾತು 2011ರ ಏಷ್ಯಾ ಕಪ್ ಹೊತ್ತಿಗೆ ಬಂದಿತ್ತು. ಆದರೆ ಬ್ರಿಟನ್ ಪಾಸ್‌ಪೋರ್ಟ್ ಬಿಟ್ಟರೆ ಇಂಗ್ಲೆಂಡಿನಲ್ಲಿ ಅವರೇ ವಿದೇಶಿ. ಅನ್ನ ಇರುವುದು ಅಲ್ಲಿ. ಬಿಡಲಿಲ್ಲ, ತಪ್ಪೇನೂ ಅಲ್ಲ. ಕೊನೆಗೆ ಕೇರಳ ಬ್ಲಾಸ್ಟರ್ಸ್‌ಗೆ ಬಂದರು, ವಿದೇಶಿಯಾಗಿಯೇ.

ಬಿಟ್ಟು ಬಂದವರು ಅರಾಟಾ ಇಜುಮಿ. ಅಮ್ಮ ಜಪಾನಿನವರು, ಅಪ್ಪ ಗುಜರಾತಿ. 2006ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದರು, ಆಮೇಲೆ ಮಹೀಂದ್ರಾ ಯುನೈಟೆಡ್, ಆಮೇಲೆ ಪುಣೆ ಎಫ್‌ಸಿ. ಕಾಗದದಲ್ಲಿ ನೀಲಕಂಠ ಖಾಂಬೋಲ್ಜಾ ಆಗಿ, 2013ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ಪ್ಯಾಲೆಸ್ಟೀನ್ ವಿರುದ್ಧ ಭಾರತಕ್ಕೆ ಆಡಿದರು. ಅವರ ಅನ್ನ ಆಗಲೇ ಇಲ್ಲಿತ್ತು, ನೋಡಿ. ಅವರು ಬಿಟ್ಟ ಮಾರನೇ ವರ್ಷ, 2010ರಲ್ಲಿ, ಮಹೀಂದ್ರಾ ಯುನೈಟೆಡ್ ಮುಚ್ಚಿತು. ಪುಣೆ ಎಫ್‌ಸಿಯೂ ಈಗಿಲ್ಲ. ನಮ್ಮ ದೇಶದಲ್ಲಿ ಆಟಗಾರ ಮೇಳ ಬಿಟ್ಟ ಬೆನ್ನಿಗೇ ಮೇಳವೂ ಪೆಟ್ಟಿಗೆ ಕಟ್ಟುತ್ತದೆ.

ಪ್ರ: ನನ್ನ ಅಣ್ಣನ ಮಗ ಸೌದಿಯಲ್ಲಿ ಹುಟ್ಟಿದವನು. ಸೌದಿಗೆ ಆಡಬಹುದಾ? (ಭಟ್ಕಳ)

ಉ: ಅಲ್ಲಿ ಹುಟ್ಟಿದ ಮಾತ್ರಕ್ಕೆ ಆಗುವುದಿಲ್ಲ, ಹುಟ್ಟಿದರೆ ಪೌರತ್ವ ಅನ್ನುವ ಪದ್ಧತಿ ಗಲ್ಫ್‌ನಲ್ಲಿಲ್ಲ. ಕತಾರ್ ಮಲಯಾಳಿ ಕುಟುಂಬದ ಹುಡುಗ ತಹ್ಸೀನ್ ಮೊಹಮ್ಮದ್ ಜಮ್ಶಿದ್‌ನನ್ನು 2024ರಲ್ಲಿ ತನ್ನ ತಂಡಕ್ಕೆ ಆಡಿಸಿತು, ಅಂಥದ್ದು ಅಪರೂಪ. ನಿಮ್ಮವನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದೆ ಅಲ್ವಾ? ಹಾಗಾದರೆ ಇಲ್ಲಿಗೆ ಆಡಬಹುದು.

ಪ್ರ: ಮಗನಿಗೆ 15. ಎಡಗಾಲಿನ ಆಟ, ದಿನಾ ಸಂಜೆ ಟ್ಯಾಗೋರ್ ಬೀಚಿನಲ್ಲೇ ಇರುತ್ತಾನೆ. ನನ್ನ ಗಂಡನ ತಂದೆ ತಾಯಿ ಕಾಣಕೋಣದವರು, 1961ಕ್ಕೆ ಮೊದಲು ಹುಟ್ಟಿದವರು. ಮಗನಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿ ಲಿಸ್ಬನ್‌ನಲ್ಲಿ ಟ್ರಯಲ್ಸ್ ಕೊಡಿಸುತ್ತೇನೆ, ನಾಲ್ಕು ಲಕ್ಷ ಕೊಡಿ ಅಂತ ಒಬ್ಬರು ಹಿಂದೆ ಬಿದ್ದಿದ್ದಾರೆ. ಏನು ಮಾಡಲಿ? (ಸದಾಶಿವಗಡದ ತಾಯಿ)

ಉ: ದುಡ್ಡು ಕೊಡಬೇಡಿ. ಇದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು.

ಅವರು ಹೇಳಿದ್ದರಲ್ಲಿ ಅರ್ಧ ನಿಜ, ಅದೇ ತೊಂದರೆ. 1961ರ ಡಿಸೆಂಬರ್ 19ಕ್ಕೆ ಮೊದಲು, ಅಂದರೆ ಪೋರ್ಚುಗೀಸರ ಆಳ್ವಿಕೆಯಲ್ಲಿ, ಗೋವಾದಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗೀಸ್ ಪೌರತ್ವಕ್ಕೆ ಹೋಗುವ ದಾರಿ ಇದೆ, ಕಾಳಿ ನದಿಯ ಆಚೆಗೂ ಈಚೆಗೂ ಎಷ್ಟೋ ಮನೆಗಳವರು ಆ ದಾರಿಯಲ್ಲಿ ಹೋಗಿ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಗೋದಾಮು ಕೆಲಸ ಮಾಡಿ ಇಲ್ಲಿ ಮನೆ ಕಟ್ಟಿಸಿದ್ದಾರೆ, ಬ್ರೆಕ್ಸಿಟ್ ಆದ ಮೇಲೆ ಹೊಸಬರಿಗೆ ಆ ಸಲೀಸು ಹೋಯಿತು. ಆದರೆ ಅದು ಕೆಲಸದ ಮಾತು, ಚೆಂಡಿನ ಮಾತಲ್ಲ. 18 ತುಂಬದ ಆಟಗಾರರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಸೇರಿಸುವುದನ್ನು ಫಿಫಾ ಸಾಮಾನ್ಯವಾಗಿ ಬಿಡುವುದಿಲ್ಲ. ವಿನಾಯಿತಿ ಇವೆ, ಕೆಲವೇ. ಈ ನಿಯಮ ಮುರಿದರು ಅಂತ 2014ರಲ್ಲಿ ಬಾರ್ಸಿಲೋನಾಕ್ಕೇ ಶಿಕ್ಷೆ ಹಾಕಿದರು. ಬಾರ್ಸಿಲೋನಾ ತಪ್ಪಿಸಿಕೊಳ್ಳಲಾಗದ್ದನ್ನು ನಿಮ್ಮ ಪರಿಚಯದವರು ನಾಲ್ಕು ಲಕ್ಷಕ್ಕೆ ಮಾಡಿಸುತ್ತಾರಾ? ಏಜೆಂಟರಿಗೆ ಕೊಡುವ ಫಿಫಾ ಲೈಸೆನ್ಸ್ ತೋರಿಸಿ ಅಂತ ಸುಮ್ನೆ ಒಂದು ಸಲ ಕೇಳಿ ನೋಡಿ. ಫೋನ್ ಬರುವುದು ನಿಲ್ಲಬಹುದು.

ಇನ್ನೊಂದು ದೊಡ್ಡ ವಿಷಯ. ದೊಡ್ಡವನಾದ ಮೇಲೆ ಅವನೇ ಬಯಸಿ ಆ ಪೌರತ್ವ ತೆಗೆದುಕೊಂಡ ಅಂತಿಟ್ಟುಕೊಳ್ಳಿ. ಭಾರತದ್ದು ಅಲ್ಲಿಗೆ ಹೋಯಿತು. ಆಮೇಲೆ ಯುರೋಪಿನಲ್ಲಿ ಆಗಲಿಲ್ಲ ಅಂತ ವಾಪಸ್ ಬಂದರೆ ಮಡಗಾಂವಿನ ಫಾತೋರ್ಡಾ ಮೈದಾನದಲ್ಲಿ ಆಡುವುದಕ್ಕೂ ಅವನು ವಿದೇಶಿ. ಆ ನಾಲ್ಕು ಜಾಗಕ್ಕೆ ಸ್ಪೇನ್‌ನವರು, ಬ್ರೆಜಿಲ್‌ನವರು ಕಾದು ನಿಂತಿರುತ್ತಾರೆ, ಅವರ ಹಿಂದೆ ಸಾಲಿನಲ್ಲಿ ಸದಾಶಿವಗಡದ ಹುಡುಗ. ರಯಾನ್ ವಿಲಿಯಮ್ಸ್ ಯಾವ ಬಾಗಿಲಿನಿಂದ ಒಳಗೆ ಬಂದರೋ ಅದೇ ಬಾಗಿಲಿನಿಂದ ಇವನನ್ನು ಹೊರಗೆ ಕಳಿಸಿದ ಹಾಗೆ. ಮರಳಿ ಭಾರತದವನಾಗಬೇಕಾದರೆ ಒಸಿಐ ದಾರಿಯಲ್ಲಿ ಐದು ವರ್ಷ ಕಾಯಬೇಕು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಇಲ್ಲೇ ಇರಬೇಕು. ಫುಟ್‌ಬಾಲ್ ಆಟಗಾರನಿಗೆ ಐದು ವರ್ಷ ಅಂದರೆ ಅರ್ಧ ಆಯುಷ್ಯ.

ನನ್ನದೇ ಒಂದು ಕತೆ ಹೇಳುತ್ತೇನೆ. ನನಗೆ ಆಗ 19. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ, ನಸುಕಿನಲ್ಲಿ ಬಸ್ಸು ಹಿಡಿದು ಮಾಜಾಳಿ ದಾಟಿ ಗೋವಾದ ಒಂದು ಕ್ಲಬ್ಬಿನ ಟ್ರಯಲ್ಸ್‌ಗೆ ಹೋದೆ. ಬೂಟು ಗೆಳೆಯನದು, ಒಂದು ಸೈಜು ದೊಡ್ಡದು, ಮುಂದೆ ಹತ್ತಿ ತುಂಬಿದ್ದೆ. ಮೊದಲ ದಿನ ಚೆನ್ನಾಗಿಯೇ ಆಡಿದೆ, ನಾಳೆ ಬಾ ಅಂದರು. ಮರುದಿನ ಹೋದರೆ ಗೇಟಿಗೆ ಬೀಗ. ಟ್ರಯಲ್ಸ್ ಬೇರೆ ಮೈದಾನಕ್ಕೆ ಹಾಕಿದ್ದರು, ಕರ್ನಾಟಕದಿಂದ ಬಂದ ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಕಲ್ಲಿನ ಮೇಲೆ ಕೂತು ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ತಿಂದೆ, ವಾಪಸ್ ಬಂದೆ. ಗಡಿ ಅಂದರೆ ಏನು ಅಂತ ನನಗೆ ತಿಳಿದದ್ದು ಆ ದಿನ. ಎರಡು ಗಂಟೆ ಬಸ್ಸಿನ ದೂರದಲ್ಲೇ ಹೀಗಾದರೆ, ಲಿಸ್ಬನ್‌ನಲ್ಲಿ 15ರ ಹುಡುಗ ಬೀಗ ಹಾಕಿದ ಗೇಟಿನ ಮುಂದೆ ನಿಂತರೆ ಅವಲಕ್ಕಿ ಕಟ್ಟಿಕೊಡುವವರು ಯಾರು?

ಈಗ ರೈಲಿದೆ, ಮಡಗಾಂವ್ ಒಂದು ಗಂಟೆಯ ಮಾತು. ಗೋವಾದ ಕ್ಲಬ್ಬುಗಳ ಕಿರಿಯರ ತಂಡಗಳ ಟ್ರಯಲ್ಸ್‌ಗೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ಫೋನ್ ಮಾಡಿ ಯಾವ ಮೈದಾನ ಅಂತ ಎರಡು ಸಲ ಕೇಳಿ. ಬೂಟು ಅವನ ಅಳತೆಯದೇ ಇರಲಿ. ಮರಳಿನಲ್ಲಿ ಬರಿಗಾಲಲ್ಲಿ ಆಡಿದವರಿಗೆ ಹುಲ್ಲಿನ ಮೇಲೆ ಬೂಟು ಹಾಕಿ ಆಡುವಾಗ ಚೆಂಡು ಕಾಲಿನಿಂದ ಮುಂದೆ ಓಡುತ್ತದೆ, ಹೋಗುವ ಮೊದಲು ಹದಿನೈದು ದಿನ ಮಾಲಾದೇವಿ ಮೈದಾನದಲ್ಲಿ ಬೂಟು ಹಾಕಿಯೇ ಅಭ್ಯಾಸ ಮಾಡಿಸಿ. ಬಲಗಾಲಿಗೂ ಸ್ವಲ್ಪ ಕೆಲಸ ಕೊಡಲಿ. ನಾನು ಸಂಜೆ ಐದೂವರೆಗೆ ಅಲ್ಲೇ ಮೂಲೆಯಲ್ಲಿ ಕಡ್ಲೆಕಾಯಿ ತಿನ್ನುತ್ತಾ ಕೂತಿರುತ್ತೇನೆ, ಬಂದು ಮಾತಾಡಿಸಲಿ.