ಸಿಗಡಿ ಮೇವಿಗೆ ಯಾವ ಪ್ರೊಬಯೋಟಿಕ್ ಕಲಸಿದರೆ ಬಿಳಿ ಚುಕ್ಕೆ ರೋಗ ಬರುವುದಿಲ್ಲ?

ಎರಡು ಹೊಂಡದಲ್ಲಿ ವನ್ನಾಮಿ ಜಾತಿಯ ಸಿಗಡಿ ಬಿಡಬೇಕು ಅಂತಿದ್ದೀರಿ, ಅಲ್ವಾ? ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಕುಮಟಾದಲ್ಲಿ ಅಂಗಡಿ ಅಂಗಡಿ ಸುತ್ತಿದ್ದೆ.

ಅಘನಾಶಿನಿ ಹೊಳೆ ಬದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಯಲ್ಲಿ, ನಮ್ಮದು ಮೂರು ಹೊಂಡ. ಎರಡರಲ್ಲಿ ಸಿಗಡಿ, ಮೂರನೆಯದರಲ್ಲಿ ಬರೀ ನೀರು. ಹೊಳೆ ನೀರನ್ನು ಅಲ್ಲಿ ತುಂಬಿಸಿ, ಬ್ಲೀಚಿಂಗ್ ಹಾಕಿ, ಕೆಲವು ದಿನ ಬಿಟ್ಟು, ಆಮೇಲೆ ಸಿಗಡಿಗೆ ಕೊಡುತ್ತಿದ್ದೆವು. ಒಂದು ವರ್ಷ ಮೇವಿಗೆ ಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯೋಟಿಕ್ ಪುಡಿ ಕಲಸಿದೆ. ಬೆಳೆ ಚೆನ್ನಾಗಿ ಬಂತು. ಎಲ್ಲಾ ಪುಡಿಯಿಂದಲೇ ಅಂತ ನಂಬಿಬಿಟ್ಟೆ.

ಮರುವರ್ಷ ಆ ನೀರಿನ ಹೊಂಡಕ್ಕೂ ಮರಿ ಬಿಟ್ಟೆ. ನಾನು ಕೆಟ್ಟಿದ್ದು ಅಲ್ಲೇ. ಏಪ್ರಿಲ್ ಬಿಸಿಲಿಗೆ ನೀರು ಇಳಿಯಿತು, ಉಪ್ಪು ಏರಿತು. ಹೊಸ ನೀರು ಬೇಕೇ ಬೇಕು, ಆದರೆ ಶುದ್ಧ ಮಾಡಿಟ್ಟ ನೀರು ಒಂದು ಹನಿ ಇಲ್ಲ. ಹೊಳೆಯ ಮೇಲ್ಬದಿಯಲ್ಲಿದ್ದ ಬೇರೆಯವರ ಹೊಂಡದ ಮೇಲೆ ಎರಡು ದಿನದಿಂದ ಕಾಗೆ, ಬೆಳ್ಳಕ್ಕಿ ಮುತ್ತುತ್ತಿದ್ದವು. ಅಲ್ಲಿ ಸಿಗಡಿ ಸಾಯುತ್ತಿದೆ ಅಂತ ಅರ್ಥ. ಕಣ್ಣಾರೆ ನೋಡಿದ್ದೆ. ಆದರೂ, ನಮ್ಮ ಸಿಗಡಿ ಪ್ರೊಬಯೋಟಿಕ್ ತಿಂದು ಗಟ್ಟಿಯಾಗಿದೆ ಅಂದುಕೊಂಡು, ಭರತದ (ಉಬ್ಬರದ) ಹೊತ್ತಿಗೆ ಹೊಳೆ ನೀರನ್ನು ನೇರ ಪಂಪ್ ಮಾಡಿದೆ. ಬ್ಲೀಚಿಂಗ್ ಇಲ್ಲ, ಸಣ್ಣ ಕಣ್ಣಿನ ಬಲೆಯೂ ಇಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಸಿಗಡಿ ತಿಂದಿದೆಯೋ ಇಲ್ಲವೋ ನೋಡಲು ಇಳಿಬಿಡುವ ಚೆಕ್ ಟ್ರೇಯಲ್ಲಿ ಮೇವು ಹಾಗೇ ಉಳಿಯಿತು. ಸಿಗಡಿ ಕೆಂಪಾಗಿ ದಂಡೆಗೆ ಬಂದವು. ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆ. ಮರಿಗಳು ವೈರಸ್ ಇದೆಯೇ ಅಂತ ನೋಡುವ ಪಿಸಿಆರ್ ಪರೀಕ್ಷೆಯಲ್ಲಿ ಪಾಸಾಗಿದ್ದವು. ಹಾಗಾಗಿ ರೋಗ ನೀರಿನಿಂದಲೇ ಬಂತು ಅಂತ ನನಗೆ ಅನುಮಾನವೇ ಇಲ್ಲ. ಕೇಜಿಗೆ ನೂರಕ್ಕಿಂತ ಜಾಸ್ತಿ ತೂಗುವ, ಇನ್ನೂ ಸಣ್ಣ ಸಿಗಡಿಯನ್ನೇ ಹಿಡಿದು ಸಿಕ್ಕ ರೇಟಿಗೆ ಕೊಟ್ಟೆ. ಮೂರೂ ಹೊಂಡ ಖಾಲಿ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ತಪ್ಪು. ಬಿಳಿ ಚುಕ್ಕೆ ವೈರಸ್ಸಿನಿಂದ ಬರುವ ರೋಗ. ನಮ್ಮ ಮೈಯಲ್ಲಿ ಆಗುವಂಥ ಪ್ರತಿಕಾಯ ಸಿಗಡಿಯಲ್ಲಿ ಆಗುವುದಿಲ್ಲ. ಬ್ಯಾಸಿಲಸ್ ಕರುಳಲ್ಲಿ ಜಾಗ ಹಿಡಿದು ವಿಬ್ರಿಯೋ ಬ್ಯಾಕ್ಟೀರಿಯಾವನ್ನು ಹತ್ತಿಕ್ಕಬಹುದು, ಜೀರ್ಣಕ್ಕೂ ನೆರವಾಗಬಹುದು. ನಾನು ಈಗಲೂ ಹಾಕುತ್ತೇನೆ. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ಅಳತೆ, ಅಂಟು ಬರುವ ಬೈಂಡರ್ ಜೊತೆ ಕಲಸಿ, ನೆರಳಲ್ಲಿ ಆರಿಸಿ, ಅವತ್ತೇ ಮುಗಿಸುತ್ತೇನೆ. ನೀರಲ್ಲಿ ಬ್ಲೀಚಿಂಗ್ ಉಳಿದಿರುವಾಗ ಪ್ರೊಬಯೋಟಿಕ್ ಹಾಕಿದರೆ ಸುಮ್ನೆ ದುಡ್ಡು ದಂಡ, ಅದೂ ಸತ್ತುಹೋಗುತ್ತದೆ. ಆಂಟಿಬಯೋಟಿಕ್ ಕಲಸಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಒಳಗೇ ಬಿಡಬೇಡಿ.

ಯಾವ ಬ್ರ್ಯಾಂಡ್ ಅನ್ನುವುದು ಆಮೇಲೆ ನೋಡೋಣ. ನಿಮಗಿರುವ ಎರಡು ಹೊಂಡದಲ್ಲಿ ಚಿಕ್ಕದನ್ನು ನೀರಿಗೇ ಇಡಿ. ಬದುವಿನ ಸುತ್ತ ಏಡಿ ದಾಟದ ಹಾಗೆ ಬಲೆ ಕಟ್ಟಿ, ಏಡಿಯೂ ಆ ವೈರಸ್ ಹೊತ್ತು ತರುತ್ತದೆ. ಒಂದೇ ಹೊಂಡದ ಬೆಳೆಯಲ್ಲಿ ಲೆಕ್ಕ ಹೊಂದದಿದ್ದರೆ ಈ ವರ್ಷ ಮರಿ ತರಲೇಬೇಡಿ.